ಟೆಲ್ನೆಟ್‌ನಲ್ಲಿ ಇಮೇಲ್ ಪಾಸ್‌ವರ್ಡ್ ಟೈಪ್ ಮಾಡುವುದು ಸುರಕ್ಷಿತವೇ?

ಬ್ಯಾಡಗಿಯ ಮೆಣಸಿನಕಾಯಿ ವರ್ತಕರಿರಲಿ, ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳಿರಲಿ, ದೂರದ ಖರೀದಿದಾರರಿಗೆ ಬಿಲ್ಲು, ಬ್ಯಾಂಕ್ ಖಾತೆ ಸಂಖ್ಯೆ ಕಳಿಸಲು ಇಮೇಲ್ ಬೇಕು. ಮೇಲ್ ಕೆಟ್ಟಾಗ ಕೇಳಿಬರುವ ಸಲಹೆ ಒಂದಿದೆ: "ಟೆಲ್ನೆಟ್‌ನಿಂದ ಸರ್ವರ್‌ಗೆ ಹೋಗಿ ಲಾಗಿನ್ ಮಾಡಿ ನೋಡಿ. ಪಾಸ್‌ವರ್ಡ್ ಬೇಸ್64 ರೂಪದಲ್ಲಿ ಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ." ಇದು ನಿಜವೇ?

ಟೆಲ್ನೆಟ್ ಎಂದರೇನು?

1969ರಲ್ಲಿ ಹುಟ್ಟಿದ ಟೆಲ್ನೆಟ್, ಒಂದು ಕಂಪ್ಯೂಟರಿನಿಂದ ಇನ್ನೊಂದರ ಜೊತೆ ಮಾತಾಡುವ ಹಳೆಯ ಸಾಧನ. ಇದರಲ್ಲಿ ಟೈಪ್ ಮಾಡಿದ್ದು ಪೋಸ್ಟ್ ಕಾರ್ಡಿನಂತೆ ತೆರೆದೇ ಸಾಗುತ್ತದೆ. ಅದೇ ವೈಫೈಯಲ್ಲಿ ಅಥವಾ ದಾರಿಯ ನಡುವೆ ಹೊಂಚು ಹಾಕಿದವರು ಓದಬಹುದು. ಫಿನ್ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕಿನಲ್ಲಿ ಹೀಗೆ ಪಾಸ್‌ವರ್ಡ್‌ಗಳು ಕಳುವಾದ ಮೇಲೆಯೇ, 1995ರಲ್ಲಿ ತಾತು ಯ್ಲೋನೆನ್ ಎಸ್‌ಎಸ್‌ಎಚ್ ಎಂಬ ಬೀಗವಿರುವ ಸಾಧನ ರೂಪಿಸಿದರು.

ಬೇಸ್64 ಗುಟ್ಟಿನ ಭಾಷೆಯೇ?

ಅಲ್ಲ. ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಂತೆ ಅಷ್ಟೇ. ಲಿಪಿ ಬದಲಾಗುತ್ತದೆ, ಗುಟ್ಟು ಉಳಿಯುವುದಿಲ್ಲ. ಬೀಗದ ಕೈಯೇ ಬೇಕಿಲ್ಲ, ಯಾರು ಬೇಕಾದರೂ ಕ್ಷಣದಲ್ಲಿ ಮೂಲ ಪಾಸ್‌ವರ್ಡ್ ಪಡೆಯಬಹುದು.

ಪಾಸ್‌ವರ್ಡ್ ಸಿಕ್ಕರೆ ಏನಾಗುತ್ತದೆ?

ಕಳ್ಳ ನಿಮ್ಮ ಬಿಲ್ಲುಗಳನ್ನು ಓದಿ, ನಿಮ್ಮದೇ ವಿಳಾಸದಿಂದ "ಖಾತೆ ಬದಲಾಗಿದೆ, ಹಣ ಇಲ್ಲಿಗೆ ಹಾಕಿ" ಎಂದು ಬರೆಯಬಹುದು. ಮಾಲು ನಿಮ್ಮದು, ಹಣ ಅವನದು.

ಹಾಗಾದರೆ ಟೆಲ್ನೆಟ್ ಬಳಸಲೇಬಾರದೇ?

ಸರ್ವರ್ ಉತ್ತರಿಸುತ್ತಿದೆಯೇ ಎಂದಷ್ಟೇ ನೋಡಲು ಬಳಸಬಹುದು. 25 ಅಥವಾ 587ನೇ ಪೋರ್ಟಿನಲ್ಲಿ 220 ಎಂದು ಶುರುವಾಗುವ ಸಾಲು ಬಂದರೆ ಸರ್ವರ್ ಎದ್ದಿದೆ. ಅಲ್ಲಿಗೇ 'ಕ್ವಿಟ್' ಎಂದು ಹೊರಬನ್ನಿ. 25ರಲ್ಲಿ ಉತ್ತರ ಬಾರದಿದ್ದರೆ ಸರ್ವರ್ ಕೆಟ್ಟಿದೆ ಎಂದೇ ಅಲ್ಲ. ಎಷ್ಟೋ ಇಂಟರ್ನೆಟ್ ಕಂಪನಿಗಳು ಆ ಪೋರ್ಟನ್ನು ಮುಚ್ಚಿರುತ್ತವೆ.

ಲಾಗಿನ್ ಪರೀಕ್ಷಿಸಲೇಬೇಕಿದ್ದರೆ 'ಓಪನ್‌ಎಸ್‌ಎಸ್‌ಎಲ್'ನ 'ಎಸ್_ಕ್ಲೈಂಟ್' ಬಳಸಲು ರಿಪೇರಿಯವರಿಗೆ ಹೇಳಿ. 465ನೇ ಪೋರ್ಟಿನಲ್ಲಿ ಮೊದಲಿನಿಂದಲೇ ಬೀಗ ಇರುತ್ತದೆ; 587ರಲ್ಲಿ 'ಸ್ಟಾರ್ಟ್‌ಟಿಎಲ್‌ಎಸ್' ಕೊಟ್ಟ ಮೇಲೆ ಬೀಳುತ್ತದೆ. ಸರ್ಟಿಫಿಕೇಟ್ ನಿಮ್ಮ ಸರ್ವರಿನದೇ ಎಂದು ಖಚಿತಪಡಿಸಿಕೊಂಡ ನಂತರವೇ ಪಾಸ್‌ವರ್ಡ್ ಕೊಡಬೇಕು.

ಈಗಾಗಲೇ ಕೊಟ್ಟಿದ್ದರೆ?

ಪಾಸ್‌ವರ್ಡ್ ಈಗಲೇ ಬದಲಿಸಿ. ಎರಡು ಹಂತದ ಪರಿಶೀಲನೆ ಹಾಕಿ. ಮೇಲ್‌ಗಳು ತಾವಾಗಿ ಬೇರೆ ವಿಳಾಸಕ್ಕೆ ಫಾರ್ವರ್ಡ್ ಆಗುವಂತೆ ಯಾರಾದರೂ ಸೆಟ್ಟಿಂಗ್ ಮಾಡಿದ್ದಾರೆಯೇ ನೋಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ತೀರ್ಮಾನ: ಬೇಸ್64 ಪಾಸ್‌ವರ್ಡನ್ನು ಕಾಪಾಡುತ್ತದೆ ಎಂಬುದು ತಪ್ಪು. ಟೆಲ್ನೆಟ್‌ನಲ್ಲಿ ಬಾಗಿಲು ತಟ್ಟಿ ನೋಡಿ, ಕೀಲಿಕೈ ಮಾತ್ರ ಕೊಡಬೇಡಿ.