ಮಾಗಡಿ ಕೆರೆಗೆ ಹೊರಟವರ ಬಗಲುಚೀಲ

ಪ್ರವಾಸದ ಹಿಂದಿನ ರಾತ್ರಿ ಕ್ಯಾಮರಾದ ಸಾಮಗ್ರಿಗಳನ್ನು ನಡುಮನೆಯಲ್ಲಿ ಹರವಿಕೊಂಡು ಕುಳಿತವನ ಪಾಡು ಮದುವೆಗೆ ಗಂಟು ಕಟ್ಟುವವರ ಪಾಡಿಗಿಂತ ಬೇರೆಯಲ್ಲ. ಇದೂ ಬೇಕಾದೀತು, ಅದೂ ಬೇಕಾದೀತು ಎಂದು ಒಂದೊಂದನ್ನೇ ತುರುಕುತ್ತ ಹೋದಂತೆ ಚೀಲದ ಬಾಯಿ ಮುಚ್ಚದಾಗುತ್ತದೆ. ಮರುದಿನ ಆ ಚೀಲವೇ ಹೆಗಲನ್ನು ಜಗ್ಗಿ, ಯಾವುದನ್ನು ನೋಡಲೆಂದು ಬಂದದ್ದೋ ಅದನ್ನು ನೋಡಗೊಡದಂತೆ ಮಾಡುತ್ತದೆ. ಚಿಕ್ಕ ಚೀಲದಲ್ಲಿ ಬೇಕಾದುದನ್ನೆಲ್ಲ ಅಡಕವಾಗಿ ಜೋಡಿಸುವ ವಿದ್ಯೆಯನ್ನು ಕಲಿಯಬೇಕೆನ್ನುವವರಿಗೆ ಗದಗ ಜಿಲ್ಲೆಯ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆಯಂಥ ಪಾಠಶಾಲೆ ಮತ್ತೊಂದು ಸಿಗಲಾರದು.

ಹಕ್ಕಿಯಷ್ಟೇ ಭಾರದ ಲೆನ್ಸು

ಗದಗಿನಿಂದ ಸುಮಾರು 26 ಕಿಲೋಮೀಟರ್, ಶಿರಹಟ್ಟಿಯಿಂದ ಸುಮಾರು 8 ಕಿಲೋಮೀಟರ್ ದೂರದಲ್ಲಿರುವ ಈ ಕೆರೆಯ ವಿಸ್ತಾರ 50 ಹೆಕ್ಟೇರಿನಷ್ಟು. 2024ರ ಜನವರಿಯಲ್ಲಿ ಇದು ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್‌ಸರ್ ಪಟ್ಟಿಗೆ ಸೇರಿತು. ಚಳಿಗಾಲ ಬಂತೆಂದರೆ ಪಟ್ಟೆತಲೆಯ ಹೆಬ್ಬಾತುಗಳು ಮಂಗೋಲಿಯ, ಟಿಬೆಟ್ಟುಗಳ ಕಡೆಯಿಂದ ಹಿಮಾಲಯವನ್ನು ದಾಟಿ ಇಲ್ಲಿಗೆ ಬಂದಿಳಿಯುತ್ತವೆ. ಬಿಳಿಯ ತಲೆಯ ಮೇಲೆ ಎರಡು ಕರಿಯ ಪಟ್ಟೆಗಳು. ತೂಕ ಎರಡರಿಂದ ಮೂರು ಕಿಲೋ. ಈ ಹಕ್ಕಿಗಳು 7,000 ಮೀಟರಿಗೂ ಮೇಲೆ ಹಾರಿದ್ದನ್ನು ವಿಜ್ಞಾನಿಗಳು ಉಪಕರಣಗಳಿಂದ ಗುರುತಿಸಿದ್ದಾರೆ.

ಇವನ್ನು ದೂರದಿಂದ ಸೆರೆಹಿಡಿಯಲು ಛಾಯಾಗ್ರಾಹಕರು ತರುವ 600 ಮಿಲಿಮೀಟರಿನ ಜೂಮ್ ಲೆನ್ಸು ಸುಮಾರು ಎರಡು ಕಿಲೋ ತೂಗುತ್ತದೆ. ಹಕ್ಕಿಯ ಭಾರವೂ ಲೆನ್ಸಿನ ಭಾರವೂ ಹೆಚ್ಚುಕಡಿಮೆ ಒಂದೇ! ಅದರ ಜತೆಗೆ ಇನ್ನೆರಡು ಲೆನ್ಸು, ಮುಕ್ಕಾಲಿ, ಫ್ಲ್ಯಾಷು ಎಂದು ಸೇರಿಸಿಕೊಂಡರೆ, ಹಿಮಾಲಯವನ್ನು ದಾಟಿ ಬಂದ ಹಕ್ಕಿಯನ್ನು ನೋಡಬಂದವನು ಕೆರೆಯ ಏರಿಯನ್ನು ಹತ್ತುವಷ್ಟರಲ್ಲಿಯೇ ಏದುಸಿರು ಬಿಡುತ್ತಾನೆ.

ಹೆಬ್ಬಾತುಗಳ ದಿನಚರಿಯೂ ಕಟ್ಟುನಿಟ್ಟಾದದ್ದು. ಮುಂಜಾನೆ ಸುತ್ತಲಿನ ಹೊಲಗಳಿಗೆ ಮೇಯಲು ಹೋಗಿ, ಬಿಸಿಲೇರುವ ಹೊತ್ತಿಗೆ ಸಾಲುಸಾಲಾಗಿ ಕೆರೆಗೆ ಮರಳುತ್ತವೆ. ಆ ಸಾಲು ಕೆಳಗಿಳಿಯುವುದು ಕೆಲವೇ ಕ್ಷಣಗಳ ನೋಟ. ಅಷ್ಟರೊಳಗೆ ಜಿಪ್ಪನ್ನು ಎಳೆದು, ಡಬ್ಬಿಗಳನ್ನು ಹೊರತೆಗೆದು, ಲೆನ್ಸು ಬದಲಿಸುತ್ತ ಕುಳಿತವನಿಗೆ ಉಳಿಯುವುದು ನೀರಿನ ಮೇಲಿನ ಅಲೆ ಮಾತ್ರ. ಹಾನಿ ಅವನೊಬ್ಬನಿಗೇ ಆದರೆ ಚಿಂತೆಯಿಲ್ಲ. ಏರಿಯ ಮೇಲಿನ ಗಡಿಬಿಡಿಗೆ ಬೆದರಿ ಹಿಂಡು ಮತ್ತೆ ಮೇಲೆದ್ದರೆ, ವಿಶ್ರಾಂತಿಗೆಂದು ಬಂದ ಹಕ್ಕಿಗಳು ವ್ಯರ್ಥವಾಗಿ ದಣಿಯುತ್ತವೆ. ಪಕ್ಕದಲ್ಲಿ ಕಾದು ಕುಳಿತವರ ಬೆಳಗೂ ಕೆಡುತ್ತದೆ.

ಹೊರೆ ಇಳಿದ ಬಗೆ

ಭಾರ ಹೊರುವ ಕಷ್ಟ ಛಾಯಾಗ್ರಹಣಕ್ಕೆ ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಡಾ. ಪಿಗೌ ಮೊದಲಾದವರು ಧಾರವಾಡ ಸೀಮೆಯ ಗುಡಿಗಳ ಚಿತ್ರಗಳನ್ನು ತೆಗೆದರು. ಅವು 1866ರಲ್ಲಿ ಲಂಡನ್ನಿನಲ್ಲಿ ಗ್ರಂಥವಾಗಿ ಹೊರಬಂದವು. ಆ ಕಾಲದಲ್ಲಿ ಮೂಲಪ್ರತಿ ಎಷ್ಟು ದೊಡ್ಡದೋ ಮುದ್ರಿತ ಚಿತ್ರವೂ ಸಾಮಾನ್ಯವಾಗಿ ಅಷ್ಟೇ ದೊಡ್ಡದು. ದೊಡ್ಡ ಚಿತ್ರ ಬೇಕೆಂದರೆ ದೊಡ್ಡ ಕ್ಯಾಮರಾ ಹೊರಲೇಬೇಕಾಗಿತ್ತು.

ಈ ಕಟ್ಟನ್ನು ಮುರಿದವರಲ್ಲಿ ಪ್ರಮುಖನು ಜರ್ಮನಿಯ ಆಸ್ಕರ್ ಬರ್ನಾಕ್. ಅವನದು ಉಬ್ಬಸದ ಶರೀರ. ಗಾಜಿನ ಫಲಕಗಳ ಕ್ಯಾಮರಾ ಹೊತ್ತು ಗುಡ್ಡ ಹತ್ತುವುದು ಅವನಿಂದಾಗದು. ಚಲನಚಿತ್ರದ ಫಿಲ್ಮಿನ ಮೇಲೆ 24 ಮಿಲಿಮೀಟರ್ ಅಗಲ, 36 ಮಿಲಿಮೀಟರ್ ಉದ್ದದ ಚಿಕ್ಕ ಚಿತ್ರ ತೆಗೆದು, ಆಮೇಲೆ ಅದನ್ನು ಹಿಗ್ಗಿಸುವ ಉಪಾಯವನ್ನು ಅವನು ಹೂಡಿದ. ಅವನು ರಚಿಸಿದ ಲೈಕಾ ಕ್ಯಾಮರಾ 1925ರಲ್ಲಿ ಮಾರುಕಟ್ಟೆಗೆ ಬಂದಿತು. ಅಂದಿನಿಂದ ಚಿತ್ರಗಾರನ ಹೊರೆ ಕೋಟಿನ ಜೇಬಿನಲ್ಲಿ ಹಿಡಿಸುವಷ್ಟಾಯಿತು. ದೇಹದ ದೌರ್ಬಲ್ಯವೇ ಒಂದು ಹೊಸ ಯಂತ್ರಕ್ಕೆ ಕಾರಣವಾದುದು ಸೋಜಿಗವಲ್ಲವೇ?

ಇಂದು ಅದಕ್ಕಿಂತಲೂ ಚಿಕ್ಕ ಸಂವೇದಕವುಳ್ಳ ಕ್ಯಾಮರಾಗಳಿವೆ. ಸಂವೇದಕದ ಉದ್ದಗಲ ಅರ್ಧಕ್ಕಿಳಿದರೆ 300 ಮಿಲಿಮೀಟರಿನ ಲೆನ್ಸೇ 600 ಮಿಲಿಮೀಟರಿನದರಷ್ಟು ದೂರದ ನೋಟವನ್ನು ಹತ್ತಿರಕ್ಕೆ ತರುತ್ತದೆ. ಅಂಥ ಲೆನ್ಸುಗಳಲ್ಲಿ ಕೆಲವು ಅರ್ಧ ಕಿಲೋ ಮಾತ್ರ ತೂಗುತ್ತವೆ. ನಸುಬೆಳಕಿನಲ್ಲಿ ಅವು ದೊಡ್ಡ ಲೆನ್ಸುಗಳಷ್ಟು ಸ್ವಚ್ಛವಾದ ಚಿತ್ರ ಕೊಡಲಾರವು ಎಂಬುದು ನಿಜ. ಆದರೆ ಹೆಬ್ಬಾತುಗಳು ಮರಳುವುದು ಬಿಸಿಲೇರಿದ ಮೇಲೆ. ಆಗ ಬೆಳಕಿಗೆ ಕೊರತೆಯಿಲ್ಲ.

ಜೋಡಣೆಯ ಕ್ರಮ

ಚೀಲ ತುಂಬುವ ಮೊದಲು ನಿಶ್ಚಯಿಸಬೇಕಾದುದು ಒಂದೇ: ತರಬೇಕಾದ ಚಿತ್ರ ಯಾವುದು? ಉತ್ತರ ಹೆಬ್ಬಾತು ಎಂದಾದರೆ ದೂರದ ಲೆನ್ಸು ಒಂದು ಸಾಕು. ಎಲ್ಲವನ್ನೂ ಮಂಚದ ಮೇಲೆ ಹರವಿ, ಈ ಒಂದು ಚಿತ್ರಕ್ಕೆ ಬೇಡವಾದುದನ್ನು ಕಪಾಟಿಗೆ ಹಿಂದಿರುಗಿಸಬೇಕು. ಕಠಿಣವಾದ ಭಾಗವೆಂದರೆ ಇದೇ, ಉಳಿದುದೆಲ್ಲ ಕೈಚಳಕ.

ಲೆನ್ಸನ್ನು ಕ್ಯಾಮರಾಕ್ಕೆ ತೊಡಿಸಿಯೇ ಇಡುವುದು ಮೇಲು. ಜಾಗವೂ ಉಳಿಯುತ್ತದೆ, ಕೈಗೆ ಬಂದೊಡನೆ ಚಿತ್ರಕ್ಕೂ ಸಿದ್ಧ. ಅದಕ್ಕಿಂತ ಮುಖ್ಯವಾದ ಕಾರಣವೊಂದಿದೆ. ಎರೆಹೊಲಗಳ ನುಣ್ಣನೆಯ ಧೂಳು ಗಾಳಿಯಲ್ಲಿ ತೇಲುವ ಈ ಸೀಮೆಯಲ್ಲಿ ಬಯಲಿನಲ್ಲಿ ಲೆನ್ಸು ಬಿಚ್ಚಿದರೆ ಸಂವೇದಕದ ಮೇಲೆ ಕಲೆ ಬಿದ್ದಿತೆಂದೇ ಲೆಕ್ಕ. ಭಾರವಾದ ಲೆನ್ಸು ಚೀಲದ ತಳಕ್ಕೆ ಒರಗಿರಬೇಕು, ಕ್ಯಾಮರಾದ ಬಾಯಿಗೆ ಜೋತಾಡಬಾರದು. ಅದರ ಬಿಸಿಲುಮರೆಯನ್ನು ತಿರುವುಮುರುವಾಗಿ ತೊಡಿಸಬೇಕು.

ಮುಂದಿನದು ಅಡುಗೆಮನೆಯ ವಿವೇಕ. ಬೋಗುಣಿಯೊಳಗೆ ಬೋಗುಣಿ ಇಟ್ಟು ಗೂಡಿನಲ್ಲಿ ಜಾಗ ಉಳಿಸುವಂತೆ ಇಲ್ಲಿಯೂ ಟೊಳ್ಳನ್ನು ಬಿಡಬಾರದು. ಲೆನ್ಸಿನ ಸುತ್ತಲಿನ ಎಡೆಗೆ ಬಿಡಿ ಪಟ್ಟಿಗಳ ಬದಲು ಒಂದು ಹತ್ತಿಯ ಪಂಚೆಯನ್ನು ಸುತ್ತಿದರೆ ಅದೇ ಮೆತ್ತೆ, ಅದೇ ಧೂಳು ತಡೆಯುವ ಹೊದಿಕೆ, ಬಿಸಿಲಿನಲ್ಲಿ ತಲೆಗೆ ನೆರಳು. ಲೆನ್ಸಿನ ಗಾಜನ್ನು ಮಾತ್ರ ಅದರಿಂದ ಒರೆಸಬಾರದು. ಅದಕ್ಕೆ ಬೇರೆಯೇ ನಯವಾದ ಬಟ್ಟೆ ಇರಲಿ. ಹೆಚ್ಚಿನ ಬ್ಯಾಟರಿ ಒಂದು, ಅಂಚೆಚೀಟಿಯಷ್ಟು ಚಿಕ್ಕದಾದ ಮೆಮೊರಿ ಕಾರ್ಡು ಎರಡು, ಚಿಕ್ಕ ಡಬ್ಬಿಯಲ್ಲಿರಲಿ. ತುಂಬಿದ ಕಾರ್ಡನ್ನು ಬೋರಲಾಗಿಟ್ಟರೆ ಗೊಂದಲವಿಲ್ಲ. ನೀರಿನ ಬಾಟಲಿಗೂ ರೊಟ್ಟಿಯ ಬುತ್ತಿಗೂ ಬೇರೆ ಚೀಲವೇ ಸರಿ. ಹಿಂದಿನ ವ್ಯಾಪಾರಿಗಳು ಹಸಿಬೆಚೀಲವನ್ನು ಹೆಗಲ ಹಿಂದೆಮುಂದೆ ಸಮಭಾರವಾಗಿ ಇಳಿಬಿಡುತ್ತಿದ್ದರು. ಹಾಗೆಯೇ ಬುತ್ತಿ ಒಂದು ಪಕ್ಕಕ್ಕೆ, ಕ್ಯಾಮರಾ ಇನ್ನೊಂದು ಪಕ್ಕಕ್ಕೆ ಬಂದರೆ ನಡಿಗೆ ಹಗುರ.

ಕೊನೆಯದು ಕತ್ತಲೆಯ ಪರೀಕ್ಷೆ. ದೀಪ ಆರಿಸಿ, ಚೀಲದಿಂದ ಕ್ಯಾಮರಾ, ಬ್ಯಾಟರಿ, ಕಾರ್ಡುಗಳನ್ನು ತಡವರಿಸದೆ ತೆಗೆಯಬಲ್ಲಿರಾ? ಹೌದೆಂದಾದರೆ ನಸುಕಿನಲ್ಲಿ ಕೆರೆಯ ಬಳಿ ಟಾರ್ಚು ಹಾಕುವ ಪ್ರಮೇಯವೇ ಬಾರದು.

ಪುಲಿಗೆರೆಯ ಪಾಠ

ಹಕ್ಕಿಗಳನ್ನು ನೋಡಿದ ಮೇಲೆ ಸುಮಾರು 11 ಕಿಲೋಮೀಟರ್ ದೂರದ ಲಕ್ಷ್ಮೇಶ್ವರದ ಸೋಮೇಶ್ವರ ದೇವಾಲಯಕ್ಕೂ ಹೋಗಿಬರಬಹುದು. ಗುಡಿಯ ಒಳಗಿನ ಮಬ್ಬಿಗೆ ಅಗಲ ನೋಟದ ಲೆನ್ಸು ಬೇಕಲ್ಲವೇ ಎಂಬ ಆಸೆ ಆಗ ತಲೆಯೆತ್ತುತ್ತದೆ. ಜೇಬಿನಲ್ಲಿರುವ ದೂರವಾಣಿಯ ಕ್ಯಾಮರಾ ಆ ಕೆಲಸಕ್ಕೆ ಧಾರಾಳವಾಗಿ ಸಾಕು. ಲಕ್ಷ್ಮೇಶ್ವರವೆಂದರೆ ಹಿಂದಿನ ಪುಲಿಗೆರೆ. ಪಂಪನು ತನ್ನ ಕಾವ್ಯಗಳಿಗೆ ಆರಿಸಿಕೊಂಡ ತಿರುಳ್ಗನ್ನಡದ ನೆಲೆ. ಹದಿನೆಂಟು ಪರ್ವಗಳ ಮಹಾಭಾರತದ ಕಥೆಯನ್ನು ಅವನು ಹದಿನಾಲ್ಕು ಆಶ್ವಾಸಗಳಲ್ಲಿ ಅಡಗಿಸಿದ. ಯಾವುದನ್ನು ಬಿಡಬೇಕೆಂಬುದನ್ನು ಅರಿತವನಿಗೆ ಮಾತ್ರ ಅದು ಸಾಧ್ಯ.

ಇನ್ನು ಮುಕ್ಕಾಲಿಯ ಮಾತು. ಅದನ್ನು ಮನೆಯಲ್ಲಿಯೇ ಬಿಟ್ಟು, ಬಾಯಿ ಕಟ್ಟಬಹುದಾದ ಒಂದು ಗಟ್ಟಿಬಟ್ಟೆಯ ಖಾಲಿ ಚೀಲವನ್ನು ಮಡಿಚಿ ಜತೆಗೊಯ್ದರೆ ಸಾಕು. ಹಿಂದಿನ ಸಂಜೆ ಗದಗಿನ ಪೇಟೆಯಲ್ಲಿ ಒಂದೂವರೆ ಕಿಲೋ ಜೋಳ ಕೊಂಡು ಅದರಲ್ಲಿ ತುಂಬಿ, ಏರಿಯ ಕಲ್ಲಿನ ಮೇಲಿಟ್ಟು ಲೆನ್ಸನ್ನು ಅದಕ್ಕೆ ಒರಗಿಸಿದರೆ ಕೈ ಅಲುಗದು. ಊರಿಗೆ ಮರಳಿದ ಮೇಲೆ ಆ ಜೋಳವನ್ನು ಗಿರಣಿಗೆ ಕಳಿಸಬಹುದು. ಚಿತ್ರ ಚೆನ್ನಾಗಿ ಬಾರದಿದ್ದರೂ ಮನೆಮಂದಿಗೆಲ್ಲ ಒಂದು ಹೊತ್ತಿನ ರೊಟ್ಟಿಗಂತೂ ಮೋಸವಿಲ್ಲ!