ಮ್ಯಾಗ್ ವ್ಹೀಲ್ ಹಾಕಿಸೋ ಮುಂಚೆ: ನಿಮ್ಮ ಗಾಡಿಗೆ ಯಾವ ರಿಮ್ ಸರಿ?

ಚಿಕ್ಕೇರೂರು: ಗೋವಿನಜೋಳದ ರೊಕ್ಕ ಕೈಗೆ ಬಂದ ಕೂಡಲೇ ಹುಡುಗರ ಬೈಕಿಗೆ ಹೊಳೆಯೋ ರಿಮ್ ಬರುತ್ತವೆ. ಬರಲಿ, ತಪ್ಪೇನಿಲ್ಲ. ಆದರೆ ಮರುದಿನ ಅದೇ ಬೈಕಿನ ಮೇಲೆ ಹಾಲಿನ ಕ್ಯಾನು, ಗೊಬ್ಬರದ ಚೀಲ ಏರುತ್ತೆ. ರಿಮ್ ಆರಿಸುವಾಗ ಮೊದಲು ನೋಡಬೇಕಾದ್ದು ಬಣ್ಣ ಅಲ್ಲ, ಗಾಡಿ ಹೊರೋ ಭಾರ ಮತ್ತು ಓಡೋ ರಸ್ತೆ.

ಬೈಕಿಗೆ ನಮ್ಮಲ್ಲಿ ಇರೋದು ಎರಡು: ಕಡ್ಡಿ ವ್ಹೀಲ್, ಮ್ಯಾಗ್ ವ್ಹೀಲ್. ಕಡ್ಡಿ ವ್ಹೀಲಿನ ರಿಮ್ ಸಾಮಾನ್ಯವಾಗಿ ಉಕ್ಕಿನದು. ತಗ್ಗಿಗೆ ಜೋರಾಗಿ ಬಡಿದರೆ ಸೊಟ್ಟಾಗುತ್ತೆ, ಒಡೆಯೋದು ಕಡಿಮೆ. ಕಡ್ಡಿ ಬಿಗಿ ಮಾಡಿ ಬೆಂಡ್ ತೆಗೆಯೋದು ಹಳ್ಳಿ ಗ್ಯಾರೇಜಿನ ಕೆಲಸ. ಆದರೆ ಕಡ್ಡಿಯ ತುದಿಗಳು ರಿಮ್ಮಿನೊಳಗೆ ಹಾದು ಬರೋದರಿಂದ ಗಾಳಿ ನಿಲ್ಲಲ್ಲ. ಸಾದಾ ಕಡ್ಡಿ ರಿಮ್ಮಿಗೆ ಟ್ಯೂಬ್ ಬೇಕೇ ಬೇಕು, ಜಾಲಿ ಮುಳ್ಳು ಹೊಕ್ಕರೆ ಗಾಳಿ ಒಮ್ಮೆಲೇ ಹೋಗಬಹುದು. ಮ್ಯಾಗ್ ಅಂದರೆ ಅಲ್ಯೂಮಿನಿಯಂ ಮಿಶ್ರಲೋಹದ ಎರಕ. ಟ್ಯೂಬ್‌ಲೆಸ್ ಟೈರ್ ಹಾಕಬಹುದು, ಮುಳ್ಳು ಚುಚ್ಚಿದರೂ ಗಾಳಿ ನಿಧಾನಕ್ಕೆ ಇಳಿಯುತ್ತೆ, ಮನೆ ಮುಟ್ಟಬಹುದು. ಇದರ ಕಷ್ಟ ಬೇರೆ. ದೊಡ್ಡ ಪೆಟ್ಟು ಬಿದ್ದರೆ ಬಾಗೋ ಬದಲು ಬಿರುಕು ಬಿಡುತ್ತೆ.

ನನಗೇ ಆಯ್ತು. ಎರಡು ಮಳೆಗಾಲದ ಹಿಂದೆ ಹಂಸಭಾವಿ ಕಡೆಯಿಂದ ರಾತ್ರಿ ಬರುವಾಗ ನೀರು ತುಂಬಿದ ತಗ್ಗಿಗೆ ಬೈಕ್ ಇಳಿದು ಹಿಂದಿನ ಮ್ಯಾಗಿನ ಅಂಚು ಸೀಳಿತು. ಹೊಸದು ಯಾಕೆ ಅಂತ ವೆಲ್ಡಿಂಗ್ ಮಾಡಿಸಿದೆ. ಹದಿನೈದು ದಿನಕ್ಕೆ ಅದರ ಪಕ್ಕದಲ್ಲೇ ಮತ್ತೆ ಬಿರಿಯಿತು. ಹಿಂದೆ ಅವ್ವ ಕುಂತಿದ್ದಳು. ಗಾಡಿ ನಿಧಾನ ಇತ್ತು ಅಂತ ಉಳಿದೆವು. ಆಮೇಲೆ ತಿಳೀತು, ವೆಲ್ಡಿಂಗ್ ಕಾವಿಗೆ ಸುತ್ತಲಿನ ಲೋಹದ ಬಲವೇ ಕುಗ್ಗುತ್ತೆ. ಸೀಳಿದ ಮ್ಯಾಗ್ ಗುಜರಿಗೇ ಹೋಗಬೇಕು.

ಹಾಗಾಗಿ ದಿನಾ ಭಾರ ಹೇರಿ ಹೊಲದ ದಾರಿ ತುಳಿಯೋರಿಗೆ ಕಡ್ಡಿಯೇ ವಾಸಿ ಅಂತ ನನ್ನ ಮಾತು. ಹಿರೇಕೆರೂರು, ಹಾನಗಲ್ ಅಂತ ಡಾಂಬರು ರಸ್ತೆಯಲ್ಲೇ ತಿರುಗೋರಿಗೆ ಮ್ಯಾಗ್ ಆರಾಮ.

ಕಾರಿನವರು ಮೋಸ ಹೋಗೋದು ಬೋಲ್ಟಿನಲ್ಲಿ. ಸ್ವಿಫ್ಟಿಗೂ ನಾಲ್ಕು ಬೋಲ್ಟ್, ಫೋರ್ಡ್ ಫಿಗೋಗೂ ನಾಲ್ಕು. ಆದರೆ ಬೋಲ್ಟುಗಳು ಕೂರೋ ವೃತ್ತದ ಅಗಲ ಸ್ವಿಫ್ಟಿನದು 100 ಮಿಲಿಮೀಟರ್, ಫಿಗೋದು 108. ‘ನಾಲ್ಕು ತೂತು ಐತಲ್ಲ, ಕೂರುತ್ತೆ ಬಿಡಣ್ಣ’ ಅಂದರೆ ಎದ್ದು ಬನ್ನಿ. ರಿಮ್ಮಿನ ಮೇಲೆ 5ಜೆ×14 ಅಂತ ಇದ್ದರೆ ಅಗಲ 5 ಇಂಚು, ವ್ಯಾಸ 14 ಇಂಚು. ಕಂಪನಿ ಕೊಟ್ಟದ್ದಕ್ಕಿಂತ ದೊಡ್ಡ ರಿಮ್ ಹಾಕಿ ತೆಳು ಟೈರ್ ಏರಿಸಿದರೆ ತಗ್ಗಿನ ಪೆಟ್ಟು ನೇರ ರಿಮ್ಮಿಗೇ. ಚಕ್ರ ಹೊರಗೆ ಚಾಚಿದರೆ ಬೇರಿಂಗ್ ಬೇಗ ಸವೆಯುತ್ತೆ. ಐಎಸ್‌ಐ ಗುರುತು ಇದೆಯಾ ನೋಡಿ, 2020ರಲ್ಲೇ ಕೇಂದ್ರ ಸರ್ಕಾರ ರಿಮ್‌ಗಳಿಗೆ ಗುಣಮಟ್ಟದ ಆದೇಶ ಹೊರಡಿಸಿದೆ. ಬಿಲ್ ಕೇಳಿ ಇಸ್ಕೊಳ್ಳಿ.

ಹಳೇ ರಿಮ್ ಕೊಳ್ಳೋರು ಬೈಕನ್ನ ಡಬಲ್ ಸ್ಟ್ಯಾಂಡ್ ಹಾಕಿ, ಪಕ್ಕದಲ್ಲಿ ಪೆನ್ನು ಹಿಡಿದು ಚಕ್ರ ತಿರುಗಿಸಿ. ಪೆನ್ನಿಗೂ ರಿಮ್ಮಿಗೂ ಅಂತರ ಏರಿಳಿದರೆ ಬೆಂಡ್ ಇದೆ. ಹೊಸ ಬಣ್ಣ ಬಳಿದಿದ್ದರೆ ಒಳ ಅಂಚನ್ನ ಬೆರಳಿಂದ ಸವರಿ ನೋಡಿ, ವೆಲ್ಡಿಂಗ್ ಗಂಟು ಅಲ್ಲೇ ಸಿಗುತ್ತೆ.