ಮುಂಗಾಲಿ ಇಳಿಯದ ವಿಮಾನ

ಮುಂದಿನ ಗಾಲಿ ಹೊರಬಾರದ ಪುಟ್ಟ ವಿಮಾನವೊಂದು ಬೆಂಗಳೂರಿನಲ್ಲಿ ಮೂತಿಯನ್ನು ನೆಲಕ್ಕೆ ಉಜ್ಜುತ್ತ ಜಾರಿ ನಿಂತ ದೃಶ್ಯವನ್ನು ಮೊಬೈಲಿನಲ್ಲಿ ಕಂಡ ಹನುಮಸಾಗರದ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು, ‘ಗಾಲಿ ಕೈಕೊಟ್ಟ ವಿಮಾನ ಪಲ್ಟಿ ಹೊಡೆಯದೆ ಉಳಿದದ್ದು ಹೇಗೆ? ನಮ್ಮ ಓಣಿಯ ಹಿರಿಯರು ಅದು ಪೂಜೆಯ ಫಲ ಅಂತಾರ, ಖರೇ ಏನ್ರಿ ಸರ್?’ ಎಂದು ಬರೆದು ಕೇಳಿದ್ದಾನೆ. ಇಂತಹ ಪ್ರಶ್ನೆ ಬಂದಾಗ ನನಗಾಗುವ ಸಂತೋಷ ಅಷ್ಟಿಷ್ಟಲ್ಲ.

ನಡೆದುದಿಷ್ಟು. 2023ರ ಜುಲೈ 11ರಂದು ಎಚ್‌ಎಎಲ್ ನಿಲ್ದಾಣದಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೊರಟ ಪ್ರೀಮಿಯರ್ 1ಎ ಎಂಬ ಖಾಸಗಿ ಜೆಟ್, ಮುಂಗಾಲಿಯ ದೋಷದಿಂದ ಹಿಂತಿರುಗಿ, ಆ ಗಾಲಿ ಹೊಟ್ಟೆಯೊಳಗೆ ಮಡಚಿಕೊಂಡಿರುವಂತೆಯೇ ಎಚ್‌ಎಎಲ್ ರನ್‌ವೇಯಲ್ಲಿ ಸುರಕ್ಷಿತವಾಗಿ ಇಳಿಯಿತು. ಒಳಗಿದ್ದವರು ಇಬ್ಬರು ಚಾಲಕರು ಮಾತ್ರ, ಪ್ರಯಾಣಿಕರಿರಲಿಲ್ಲ.

ಗಾಲಿ ಕೆಟ್ಟಿತೆಂದರೆ ವಿಮಾನವು ಆಕಾಶದಲ್ಲಿಯೇ ಅಪಾಯಕ್ಕೆ ಸಿಲುಕಿತೆಂಬ ಭ್ರಾಂತಿ ನಮ್ಮಲ್ಲಿ ಬಹಳವಾಗಿ ಬೇರೂರಿದೆ. ಗಗನದಲ್ಲಿ ವಿಮಾನವನ್ನು ಹೊತ್ತಿರುವುದು ರೆಕ್ಕೆ. ಅಲ್ಲಿ ಗಾಲಿಗೆ ಕೆಲಸವೇ ಇಲ್ಲ. ನೆಲದ ಮೇಲಾದರೂ ಮೂರು ಗಾಲಿಗಳ ಪಾಲು ಸಮನಾಗಿರುವುದಿಲ್ಲ. ಗುರುತ್ವಕೇಂದ್ರವು ರೆಕ್ಕೆಯಡಿಯ ಎರಡು ಮುಖ್ಯ ಗಾಲಿಗಳ ಸಮೀಪದಲ್ಲಿ, ಅವುಗಳಿಗಿಂತ ತುಸುವೇ ಮುಂದೆ ಇರುವುದರಿಂದ, ಮುಂಗಾಲಿಯ ಮೇಲೆ ಬೀಳುವ ಭಾರ ಸಾಮಾನ್ಯವಾಗಿ ಒಟ್ಟು ತೂಕದ ಹತ್ತನೆಯ ಒಂದು ಭಾಗದಷ್ಟು. ಮುಖ್ಯ ಗಾಲಿಗಳಲ್ಲಿ ಒಂದೇ ಒಂದು ಕೈಕೊಟ್ಟರೆ ಒಂದು ರೆಕ್ಕೆ ನೆಲಕ್ಕೆ ತಗುಲಿ ವಿಮಾನವು ಗಿರ್ರನೆ ತಿರುಗಿಬಿಡುವ ಭಯವುಂಟು. ಮುಂಗಾಲಿಯ ವೈಫಲ್ಯವು ಅದಕ್ಕಿಂತ ಎಷ್ಟೋ ಸೌಮ್ಯವಾದುದು. ಈ ವಿಮಾನದ ಎರಡು ಎಂಜಿನ್ನುಗಳೂ ದೇಹದ ಹಿಂಭಾಗದಲ್ಲಿ ಎತ್ತರದಲ್ಲಿರುವುದರಿಂದ, ಮೂತಿ ಬಾಗಿದರೂ ಅವು ನೆಲವನ್ನು ಮುಟ್ಟಲಾರವು.

ಇನ್ನು ನನ್ನನ್ನು ಪರವಶಗೊಳಿಸುವ ಸಂಗತಿಗೆ ಬರುತ್ತೇನೆ. ಮುಖ್ಯ ಗಾಲಿಗಳು ನೆಲ ಮುಟ್ಟಿದ ಮೇಲೂ, ಇಲ್ಲದ ಮುಂಗಾಲಿಯ ಕೆಲಸವನ್ನು ಕೆಲವು ಕ್ಷಣ ಗಾಳಿಯೇ ಮಾಡುತ್ತದೆ! ಬಾಲದಲ್ಲಿರುವ ಎಲಿವೇಟರ್ ಎಂಬ ಫಲಕವನ್ನು ಚಾಲಕನು ಮೇಲಕ್ಕೆ ತಿರುಗಿಸಿದರೆ, ಧಾವಿಸುವ ಗಾಳಿಯು ಬಾಲವನ್ನು ಕೆಳಗೊತ್ತುತ್ತದೆ. ಮುಖ್ಯ ಗಾಲಿಗಳೇ ಆಧಾರಬಿಂದುವಾಗಿ ಮೂತಿಯು ಮೇಲೆಯೇ ನಿಲ್ಲುತ್ತದೆ. ಆದರೆ ಈ ಬಲವು ವೇಗದ ವರ್ಗಕ್ಕೆ ಅನುಗುಣವಾದುದು: ವೇಗ ಅರ್ಧಕ್ಕಿಳಿದರೆ ಬಲ ಕಾಲುಭಾಗವಾಗುತ್ತದೆ. ಆದುದರಿಂದ ಚಾಲಕನು ಮೂತಿಯನ್ನು ಬಹುಬೇಗ ಇಳಿಸಿದರೆ ಅದು ಹೆಚ್ಚಿನ ವೇಗದಲ್ಲಿ ಉಜ್ಜಿಕೊಂಡು ಕಿಡಿ ಕಾರುತ್ತದೆ. ಕೊನೆಯವರೆಗೂ ಹಿಡಿದಿಟ್ಟರೆ ಎಲಿವೇಟರಿನ ಶಕ್ತಿ ಒಮ್ಮೆಲೇ ಸಾಲದಾಗಿ ಮೂತಿಯು ಧೊಪ್ಪನೆ ಬೀಳುತ್ತದೆ. ಇವೆರಡರ ನಡುವೆ, ಬಲವು ಇನ್ನೂ ಸ್ವಲ್ಪ ಉಳಿದಿರುವಾಗಲೇ, ಮೂತಿಯನ್ನು ಮೆಲ್ಲನೆ ನೆಲಕ್ಕೊರಗಿಸುವ ಸುಮುಹೂರ್ತವೊಂದುಂಟು. ಅಲ್ಲಿಯವರೆಗೆ ಬ್ರೇಕನ್ನು ಮುಟ್ಟಬಾರದು, ಏಕೆಂದರೆ ಬ್ರೇಕು ಮೂತಿಯನ್ನು ಕೆಳಗೆಳೆಯುತ್ತದೆ. ಆ ಮುಹೂರ್ತವನ್ನು ಪಂಚಾಂಗದಲ್ಲಿ ಕಾಣಲಾಗದು. ಕೈಯ ಅಭ್ಯಾಸವೇ ಅದನ್ನು ತಿಳಿಸಬೇಕು.

ಹೀಗಿರುವಲ್ಲಿ ಇಬ್ಬರು ಚಾಲಕರ ವಿದ್ಯೆಯನ್ನು ಗಾಲಿಯಡಿಯ ನಿಂಬೆಹಣ್ಣಿಗೆ ಒಪ್ಪಿಸಿಬಿಡುವುದು ಅನ್ಯಾಯವೆಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಆಯುಧಪೂಜೆಯ ದಿನ ಟ್ರ್ಯಾಕ್ಟರನ್ನು ತೊಳೆದು ಹೂವೇರಿಸುವ ಪ್ರೀತಿಗೆ ನನ್ನ ವಿರೋಧವಿಲ್ಲ. ನಿಂಬೆಹಣ್ಣು ಅರೆದ ಬಳಿಕ ನಟ್ಟು ಬೋಲ್ಟುಗಳನ್ನು ಪರೀಕ್ಷಿಸದೆ ಬಿಡುವ ಆಲಸ್ಯಕ್ಕೆ ಮಾತ್ರ ಇದೆ. ಯಂತ್ರಶಿಲ್ಪಿಗಳು ರಕ್ಷಣೆಯನ್ನು ಲೋಹದಲ್ಲಿಯೇ ಅಡಗಿಸಿಟ್ಟಿರುತ್ತಾರೆ. ನಾವು ನೆಟ್ಟಗೆ ನಿಂತಾಗ ಮೊಣಕಾಲು ಬಿಗಿದುಕೊಳ್ಳುವಂತೆ, ಅನೇಕ ವಿಮಾನಗಳಲ್ಲಿ ಗಾಲಿಯ ಕಾಲಿಗಿರುವ ಮಡಚುವ ಆಧಾರದಂಡವು ನೇರರೇಖೆಯನ್ನು ಕೊಂಚ ದಾಟಿ ಬಿಗಿಯುತ್ತದೆ. ಆಮೇಲೆ ಭಾರ ಬಿದ್ದಷ್ಟೂ ಬಿಗಿ ಹೆಚ್ಚುತ್ತದೆ. ಬಿಗಿದುದಕ್ಕೆ ಸಾಕ್ಷಿಯಾಗಿ ಚಾಲಕನ ಮುಂದೆ ಗಾಲಿಗೊಂದರಂತೆ ಮೂರು ಹಸಿರು ದೀಪಗಳು ಬೆಳಗುತ್ತವೆ. ಪೈಪರ್ ಆ್ಯರೋ ಎಂಬ ಸಣ್ಣ ವಿಮಾನದಲ್ಲಂತೂ ಗಾಲಿಯನ್ನು ಮೇಲೆ ಹಿಡಿದಿರುವುದೇ ತೈಲದ ಒತ್ತಡ. ಆ ಒತ್ತಡ ತಪ್ಪಿದರೆ ಗಾಲಿಗಳು ತಾವಾಗಿಯೇ ಕೆಳಗಿಳಿಯುತ್ತವೆ.

ಇಷ್ಟೆಲ್ಲ ತೊಡಕಿರುವಾಗ ಗಾಲಿಯನ್ನು ಮಡಚುವುದೇಕೆಂದು ಆ ಬಾಲಕನು ಮುಂದೆ ಕೇಳಬಹುದು. ಮಡಚದೆಯೂ ಹಾರಬಹುದು. ಆ ನಿಲ್ದಾಣಕ್ಕೆ ಹೆಸರಿತ್ತ ಎಚ್‌ಎಎಲ್ ಕಾರ್ಖಾನೆಯೇ ನಿರ್ಮಿಸಿ 1951ರಲ್ಲಿ ಮೊದಲು ಹಾರಿಸಿದ ಎಚ್‌ಟಿ-2 ತರಬೇತಿ ವಿಮಾನದ ಗಾಲಿಗಳು ಸದಾ ಹೊರಗೇ ಇದ್ದವು. ಆದರೆ ಗಾಳಿಯ ಪ್ರತಿರೋಧವೂ ವೇಗದ ವರ್ಗದಂತೆಯೇ ಏರುವುದರಿಂದ, ಜೆಟ್ಟಿನ ವೇಗದಲ್ಲಿ ಹೊರಗುಳಿದ ಗಾಲಿಗಳು ಇಂಧನವನ್ನು ವೃಥಾ ನುಂಗುತ್ತವೆ. ಮಂದಗತಿಯಲ್ಲಿ ಹಾರುವ ತರಬೇತಿ ವಿಮಾನಕ್ಕಾದರೋ ಮಡಚುವ ಸಲಕರಣೆಯ ತೂಕವೇ ಲಾಭಕ್ಕಿಂತ ಹೆಚ್ಚಿನ ಹೊರೆ.